ಒಂದು ಲೋಡು ಕೆಂಪುಕಲ್ಲು

ಶನಿವಾರ ಮಧ್ಯಾಹ್ನ ಕಾಲೇಜಿನ ಗಂಟೆ ಬಾರಿಸಿದ ಕೂಡಲೇ ಪುತ್ತೂರಿನ ಬಸ್ ನಿಲ್ದಾಣಕ್ಕೆ ಬಂದೆ. ಲಲಿತಕ್ಕ ಆಗಲೇ ಸುಳ್ಯದ ಬಸ್ಸು ನಿಲ್ಲುವ ಕಡೆ ಕಂಬಕ್ಕೆ ಒರಗಿ ನಿಂತಿದ್ದರು. ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಒಂದು ಸೀರೆ, ನೀರಿನ ಬಾಟಲಿ, ಆಧಾರ್ ಕಾರ್ಡಿನ ನಾಲ್ಕೈದು ಜೆರಾಕ್ಸ್. ಫೆಬ್ರವರಿ ಮುಗಿಯುವ ಮೊದಲೇ ಬಿಸಿಲು ತಲೆಯ ಮೇಲೆ ಕುಳಿತಿತ್ತು. ಜನ ಸುಳ್ಯ, ಸುಬ್ರಹ್ಮಣ್ಯದ ಕಡೆ ಪ್ರವಾಸ ಹೊರಟರೆ ದೇವಸ್ಥಾನ ನೋಡುತ್ತಾರೆ, ಹೊಳೆ ನೋಡುತ್ತಾರೆ, ಬೆಟ್ಟ ಹತ್ತುತ್ತಾರೆ. ನಾವು ಹೊರಟದ್ದು ಎರಡು ಕೋಣೆಯ ಒಂದು ಬಾಡಿಗೆ ಮನೆ ನೋಡಲು. ಸೋಮವಾರ ಬೆಳಿಗ್ಗೆ ಲಲಿತಕ್ಕನ ಈಗಿನ ಮನೆ ಕೆಡವಲು ಜೆಸಿಬಿ ಬರುವುದಿತ್ತು.

ಇದರೊಳಗೆ ನಾನು ಹೇಗೆ ಸೇರಿಕೊಂಡೆ ಎಂಬುದನ್ನು ಹೇಳಬೇಕು. ನಾನು ಪಿಯುಸಿ ಮಕ್ಕಳಿಗೆ ಸಮಾಜಶಾಸ್ತ್ರ ಕಲಿಸುವವಳು. ಆ ವಾರ ವಸತಿಹೀನರ ಬಗ್ಗೆ ಪಾಠ ಇತ್ತು. ನಾನು ತೋರಿಸಿದ ಚಿತ್ರದಲ್ಲಿ ದೊಡ್ಡ ಪಟ್ಟಣವೊಂದರ ಕಾಲುದಾರಿ, ಅದರ ಮೇಲೆ ಹೊದ್ದು ಮಲಗಿದ ಒಬ್ಬ ಮನುಷ್ಯ. "ನಮ್ಮ ಊರಿನಲ್ಲಿ ಇಂಥವರು ಇಲ್ಲ ಮೇಡಂ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ನಲವತ್ತು ತಲೆಗಳು ಹೌದೆಂದು ಆಡಿದವು. ಆಗ ಎರಡನೇ ಸಾಲಿನಿಂದ ದೀಕ್ಷಾ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದಳು: "ಮೇಡಂ, ಬರುವ ಸೋಮವಾರದ ನಂತರ ನಾನು ಆ ಲೆಕ್ಕಕ್ಕೆ ಸೇರ್ತೇನಾ?"

ದೀಕ್ಷಾ ಲಲಿತಕ್ಕನ ಒಬ್ಬಳೇ ಮಗಳು. ಲಲಿತಕ್ಕ ಹೊಲಿಗೆಯವರು, ಗಂಡ ತೀರಿಹೋಗಿ ಆರೇಳು ವರ್ಷವಾಗಿದೆ. ಪೇಟೆಯ ಮಧ್ಯದ ಒಂದು ಓಣಿಯಲ್ಲಿ ಸಾಲಾಗಿ ಐದು ಹಂಚಿನ ಮನೆಗಳು, ಅದರ ಕೊನೆಯದರಲ್ಲಿ ಇವರ ವಾಸ. ಧಣಿ ಐದೂ ಮನೆಗಳನ್ನು ಜಾಗ ಸಮೇತ ಮಾರಿದರು. ಕೊಂಡವರು ಅಲ್ಲಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ, ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟು. ನಾಲ್ಕು ಮನೆಯವರು ಆಗಲೇ ಖಾಲಿ ಮಾಡಿದ್ದರು. ಅವರಲ್ಲಿ ಒಂದು ಕುಟುಂಬ ಈಗ ಸಂಬಂಧಿಕರ ಹಟ್ಟಿಯಲ್ಲಿ, ದನಗಳ ಪಕ್ಕದಲ್ಲಿ ಟರ್ಪಾಲು ಅಡ್ಡ ಕಟ್ಟಿಕೊಂಡು ಮಲಗುತ್ತಿದೆ. ಕಾಲುದಾರಿಯ ಮೇಲೆ ಮಲಗದ ಕಾರಣ ಅವರು ನಮ್ಮ ಪಾಠದೊಳಗೆ ಬರುವುದಿಲ್ಲ. ದೀಕ್ಷಾಳ ಪರೀಕ್ಷೆಗೆ ಇನ್ನು ಕೆಲವೇ ವಾರ ಉಳಿದಿತ್ತು. ಮನೆ ಎಲ್ಲಾದರೂ ಇರಲಿ, ಬೆಳಿಗ್ಗೆ ಹೊರಟರೆ ಗಂಟೆ ಬಾರಿಸುವ ಮೊದಲು ಕಾಲೇಜು ಮುಟ್ಟಬೇಕು. ಲಲಿತಕ್ಕನಿಗೆ ಬೇಕಾದದ್ದು ಇಷ್ಟೇ.

ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನದೂ ಬಾಡಿಗೆ ಕೋಣೆ, ಮಾಳಿಗೆಯ ಮೇಲೆ, ಒಬ್ಬರಿಗೆ ಎಂದು ಕೊಟ್ಟದ್ದು. ನೆಂಟರು ಎರಡು ದಿನ ನಿಂತರೆ ಮೂರನೆಯ ದಿನ ಓನರಮ್ಮನ ನೀರಿನ ಮೋಟರು ಕೆಡುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರು ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಲಲಿತಕ್ಕ ಮಡಚಿ ಚೀಲದಲ್ಲಿಟ್ಟರು. ರಾಜ್ಯವಿಡೀ ಸುತ್ತಲು ನಮಗೆ ಹಕ್ಕುಂಟು, ಇಳಿದ ಮೇಲೆ ನಿಲ್ಲಲು ಮಾತ್ರ ಜಾಗವಿಲ್ಲ.

ಮೊದಲ ನಿಲುಗಡೆ ಕುಂಬ್ರ. ಪುತ್ತೂರಿನಿಂದ ಹತ್ತು ಕಿಲೋಮೀಟರು ಆಸುಪಾಸು, ಬಸ್ಸು ಇಪ್ಪತ್ತು ನಿಮಿಷದಲ್ಲಿ ಇಳಿಸಿತು. ಜಂಕ್ಷನ್ನಿನ ಅಂಗಡಿ ಸಾಲಿನ ಹಿಂದೆ ಒಂದು ಮನೆ ಖಾಲಿ ಉಂಟು ಎಂದು ಬ್ರೋಕರು ಹೇಳಿದ್ದ. ಅಂಗಡಿಯ ಮಾಲೀಕರು ಒಳ್ಳೆಯ ಮಾತಿನ ಮನುಷ್ಯ. ಬಾಗಿಲು ತೆಗೆದು ತೋರಿಸಿದರು. ಒಂದು ಹಾಲ್, ಒಂದು ಅಡುಗೆ ಕೋಣೆ, ನೆಲದ ತುಂಬ ಚಾಪೆಗಳು. ಗೋಡೆಯ ಮೊಳೆಗಳಲ್ಲಿ ಪ್ಯಾಂಟು, ಬನಿಯನು. ಇಬ್ಬರು ಹುಡುಗರು ಮಧ್ಯಾಹ್ನದ ಹೊತ್ತಿನಲ್ಲೂ ಗಾಢ ನಿದ್ದೆಯಲ್ಲಿದ್ದರು. ಅಡಿಕೆ ಸುಲಿಯಲು ಉತ್ತರದ ರಾಜ್ಯಗಳಿಂದ ಬಂದವರು. ಕೆಲವರು ಹಗಲು ಮಲಗುತ್ತಾರೆ, ಕೆಲವರು ರಾತ್ರಿ. ಒಂದೇ ಚಾಪೆ ಇಬ್ಬರಿಗೆ.

"ಖಾಲಿ ಉಂಟು ಅಂದ್ರಲ್ಲ?" ಎಂದೆ.

"ಖಾಲಿ ಇತ್ತು ಮೇಡಂ, ಮೊನ್ನೆ ತುಂಬಿತು. ಇವರು ತಲೆಗೆ ಇಷ್ಟು ಅಂತ ಕೊಡುದು. ನಿಮ್ಮದು ಎರಡೇ ತಲೆ ಅಲ್ವಾ?"

ಆ ಹುಡುಗರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಫ್ಯಾನಿಲ್ಲದ ಕೋಣೆಯಲ್ಲಿ ಬೆವರು ಸುರಿಸುತ್ತ ಮಲಗಿದವರ ಮೇಲೆ ಏನು ಸಿಟ್ಟು? ಒಂದು ಕೋಣೆಯಿಂದ ಮೂರು ಮನೆಯ ಬಾಡಿಗೆ ತೆಗೆದು, ಒಂದು ಫ್ಯಾನು ಹಾಕಲು ಮನಸ್ಸು ಬಾರದವರ ಮೇಲೆ ಬಂತು. ಮಾಲೀಕರು ನಮಗೆ ಶರಬತ್ತು ಕೊಟ್ಟರು. ಬಾಯಾರಿಕೆ ಇತ್ತು, ಕುಡಿದೆವು.

ಸುಳ್ಯಕ್ಕೆ ಮುಟ್ಟುವಾಗ ನಾಲ್ಕು ಗಂಟೆ. ಹೋಟೆಲಿನಲ್ಲಿ ಬನ್ಸು ತಿಂದು ಚಾ ಕುಡಿದು ಕಾಲ್ನಡಿಗೆಯಲ್ಲಿ ಹುಡುಕಲು ಸುರುಮಾಡಿದೆವು. ಈ ಊರಿಗೆ ಓದಲು ಬರುವ ಮಕ್ಕಳು ತುಂಬ. ಹಾಗಾಗಿ ಪ್ರತಿ ಎರಡನೇ ಮನೆಯ ಮಾಳಿಗೆಯ ಮೇಲೂ ಪಿ.ಜಿ. ಬೋರ್ಡು. ಒಂದು ಗೇಟಿನಲ್ಲಿ ಬರೆದದ್ದು: ಹುಡುಗಿಯರಿಗೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ, ಫ್ಯಾಮಿಲಿಗೆ ಇಲ್ಲ. ಮೀನು ಹೊತ್ತ ಸ್ಕೂಟರು ಆ ಗೇಟಿನ ಎದುರೇ ನಿಂತು ಹಾರ್ನ್ ಹಾಕುತ್ತಿತ್ತು, ಮನೆಯೊಡತಿ ಪಾತ್ರೆ ಹಿಡಿದು ಇಳಿದು ಬಂದರು. ನಾನು ಬೋರ್ಡನ್ನೂ ಪಾತ್ರೆಯನ್ನೂ ನೋಡಿದೆ. ಅವರಿಗೆ ಏನೂ ಅನ್ನಿಸಲಿಲ್ಲ.

ಇನ್ನೊಂದು ಕಡೆ ಮನೆ ನಿಜವಾಗಿಯೂ ಖಾಲಿ ಇತ್ತು. ಎರಡು ಕೋಣೆ, ಬಾವಿ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಲಲಿತಕ್ಕ ಕಿಟಕಿಯ ಹತ್ತಿರ ಹೋಗಿ ಹೊಲಿಗೆ ಮಿಷನ್ನಿಗೆ ಬೆಳಕು ಸಾಕಾ ಎಂದು ನೋಡಿದರು. ಓನರಮ್ಮ ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ಅವರಿಗೆ ಗಂಡ ಇಲ್ಲ ಅಲ್ವಾ? ಮತ್ತೆ ಯಾರಾದ್ರೂ ಬಂದು ಹೋಗ್ಲಿಕ್ಕೆ ಉಂಟಾ?"

"ಬಟ್ಟೆ ಹೊಲಿಸ್ಲಿಕ್ಕೆ ಬರ್ತಾರೆ" ಎಂದೆ, ದೊಡ್ಡ ಸ್ವರದಲ್ಲಿ. "ನೀವೂ ಬರಬಹುದು."

ಆ ಮನೆ ಅಲ್ಲಿಗೆ ತಪ್ಪಿತು. ನನ್ನ ನಾಲಿಗೆಯಿಂದ ತಪ್ಪಿತು ಎಂದು ಲಲಿತಕ್ಕ ಹೇಳಲಿಲ್ಲ, ಆದರೆ ದಾರಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಆಮೇಲೆ ನೋಡಿದ ಮೂರು ಕಡೆಗಳಲ್ಲಿ ಎರಡಕ್ಕೆ ಅವರು ಕೇಳಿದ ಅಡ್ವಾನ್ಸು ನನ್ನ ಸಂಬಳಕ್ಕೂ ಎಟುಕುವಂಥದ್ದಲ್ಲ, ಮೂರನೆಯದು ಮನೆಯೇ ಅಲ್ಲ, ಕಾರ್ ಶೆಡ್ಡು. ರಾತ್ರಿ ನನ್ನ ಹಳೆಯ ಸಹೋದ್ಯೋಗಿ ಶಾರದಾಳ ಮನೆಯಲ್ಲಿ ಗಂಜಿ, ಚಟ್ನಿ ಉಂಡು ಮಲಗಿದೆವು.

ಭಾನುವಾರ ಬೆಳಿಗ್ಗೆ ಶಾರದಾಳೇ ಹೇಳಿದಳು, ಅರಂತೋಡಿನಲ್ಲಿ ಒಬ್ಬರದ್ದು ರಸ್ತೆ ಬದಿಯ ಸಣ್ಣ ಮನೆ ಖಾಲಿ ಉಂಟು, ಮೊದಲು ಅವರ ಡ್ರೈವರು ಇದ್ದದ್ದು ಎಂದು. ಮಡಿಕೇರಿ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ. ಪುತ್ತೂರಿಗೆ ದೂರವೇ. ಆದರೆ ಬೆಳಗಿನ ಬಸ್ಸು ಮನೆಯ ಎದುರೇ ನಿಲ್ಲುತ್ತದೆ ಎಂದು ಲಲಿತಕ್ಕ ಆಗಲೇ ಮನಸ್ಸಿನಲ್ಲಿ ಮಗಳನ್ನು ಬಸ್ಸು ಹತ್ತಿಸಿಯಾಗಿತ್ತು.

ಮನೆಯ ಯಜಮಾನರು ಐವತ್ತರ ಆಸುಪಾಸಿನವರು, ಮನೆಯಲ್ಲಿ ಅರೆಭಾಷೆ ಮಾತಾಡುವವರು. ಹಳೆಯ ಮನೆಯ ಪಕ್ಕದಲ್ಲೇ ಹೊಸ ಹೋಂಸ್ಟೇ ಕಟ್ಟಿಸಿದ್ದಾರೆ. "ಬನ್ನಿ, ಕುದ್ಕಣಿ" ಎಂದು ಚಾವಡಿಯಲ್ಲಿ ಕೂರಿಸಿದರು. ನಮ್ಮ ಊರಿನ ಕ್ರಮದಂತೆ ಮೊದಲು ಬೆಲ್ಲ, ನೀರು ಬಂತು. ನನ್ನ ತಂದೆಯ ಮನೆಯ ಹೆಸರು ಕೇಳಿದರು. ಹೇಳಿದೆ. ಅದು ಸ್ವಲ್ಪ ಹೆಸರಿರುವ ಮನೆ, ಈಗ ಪಾಲಾಗಿ ಅಣ್ಣಂದಿರ ಕೈಯಲ್ಲಿದೆ. ಯಜಮಾನರ ಮುಖ ಅರಳಿತು. ಡ್ರೈವರಿನ ಮನೆಯ ಬೀಗ ತೆಗೆಸಿದರು. ಹಂಚಿನ ಮಾಡು, ಸಿಮೆಂಟಿನ ನೆಲ, ನಳ್ಳಿ ನೀರು. ಬಾಡಿಗೆಯೂ ಎಟುಕುವಂಥದ್ದೇ.

ತಿರುಗಿ ಬಂದು ಕೂತಾಗ ಯಜಮಾನರು ಲಲಿತಕ್ಕನನ್ನು ಕೇಳಿದರು, "ನಿಮ್ಮದು ಯಾವ ಬರಿ ಆಯ್ತು?"

ಹೊರಗಿನವರಿಗೆ ಇದು ಅರ್ಥವಾಗದು. ಬರಿ ಎಂದರೆ ಕುಲದ ಒಳಗಿನ ಕವಲು, ಮದುವೆ ಸಂಬಂಧ ನೋಡುವಾಗ ಕೇಳುವಂಥದ್ದು. ಬಾಡಿಗೆ ಮನೆಗೆ ಅದು ಯಾಕೆ? ಜಾತಿ ಯಾವುದು ಎಂದು ನೇರವಾಗಿ ಕೇಳಲು ನಾಚಿಕೆಯಾಗುವವರು ನಮ್ಮ ಕಡೆ ಬರಿ ಕೇಳುತ್ತಾರೆ. ಲಲಿತಕ್ಕ ಹೇಳಿದರು. ಬರಿ ಹೇಳಿ, ಊರು ಹೇಳಿ, ತಾನು ಯಾವ ಜನ ಎಂಬುದನ್ನೂ ತಾನೇ ಹೇಳಿಬಿಟ್ಟರು. ದಲಿತರ ಕಾಲೊನಿಯಲ್ಲಿ ಹುಟ್ಟಿದವರು ಅವರು. ಆ ಹೊತ್ತಿಗೆ ಒಳಗಿನಿಂದ ಚಾ ಬಂತು. ನನಗೆ ಪಿಂಗಾಣಿ ಕಪ್ಪಿನಲ್ಲಿ, ಲಲಿತಕ್ಕನಿಗೆ ಪೇಪರ್ ಕಪ್ಪಿನಲ್ಲಿ.

"ಹಾಗೆಂತ ಇಲ್ಲ ಮೇಡಂ, ನಾವು ಅದೆಲ್ಲ ನೋಡುವವರಲ್ಲ" ಎಂದು ಯಜಮಾನರು ನನ್ನನ್ನೇ ನೋಡಿ ಹೇಳಿದರು. "ಆದ್ರೆ ಹಿಂದೆ ನಾಗಬನ ಉಂಟಲ್ಲ. ಶುದ್ಧ ನೋಡ್ಬೇಕಾಗ್ತದೆ. ನಮ್ಮ ಕೈಯಲ್ಲಿ ಇಲ್ಲ ಅದು."

ನಾನು ಎದ್ದು ಚಾವಡಿಯ ತುದಿಗೆ ಹೋದೆ. ನಾಗಬನ ಅಲ್ಲಿಂದಲೇ ಕಾಣುತ್ತಿತ್ತು, ನಾಲ್ಕಾರು ಹಳೆಯ ಮರ, ಬಳ್ಳಿ, ಒಳಗೆ ಕಲ್ಲು. ಅದಕ್ಕೆ ತಾಗಿಕೊಂಡೇ ಹೋಂಸ್ಟೇಯ ಈಜುಕೊಳ. ಬೆಳಗಿನ ಒಂಬತ್ತು ಗಂಟೆಗೆ ಚಡ್ಡಿ ಹಾಕಿದ ಐದಾರು ಜನ ಬಿಯರ್ ಬಾಟಲಿ ಹಿಡಿದು ನೀರಿನಲ್ಲಿ ಕೂಗಾಡುತ್ತಿದ್ದರು. ಒಬ್ಬನ ಟವೆಲು ಬನದ ಕಟ್ಟೆಯ ಮೇಲೆಯೇ ಒಣಗುತ್ತಿತ್ತು.

"ಅವರ ಬರಿ ಯಾವುದು?" ಎಂದು ಕೇಳಿದೆ.

"ಅವರು ಗೆಸ್ಟ್ ಅಲ್ವಾ ಮೇಡಂ. ಒಂದು ದಿನ ಬಂದು ಹೋಗುವವರು."

"ಹಾಗಾದ್ರೆ ನಾಗನಿಗೆ ದಿನದ ಬಾಡಿಗೆ ಆಗ್ತದೆ, ತಿಂಗಳ ಬಾಡಿಗೆ ಆಗುದಿಲ್ಲ?"

ನನ್ನ ತಲೆಗೆ ರಕ್ತ ಏರಿತ್ತು. ಇಪ್ಪತ್ತು ವರ್ಷ ಸಮಾಜಶಾಸ್ತ್ರ ಕಲಿಸಿದವಳು, ಸಂವಿಧಾನದ ಮಾತು ಹೇಳಬಹುದಿತ್ತು, ಕಾನೂನಿನ ಮಾತು ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ನನ್ನ ಅಜ್ಜಿಯ ಮಾತು. "ಒಂದು ಕೆಲಸ ಮಾಡುವ. ಒಳಗೆ ದೈವದ ಕೋಣೆ ಉಂಟಲ್ಲ? ಅದರ ಎದುರು ನಿಂತು ಹೇಳಿ, ನಾಗನ ಕಾರಣಕ್ಕೇ ಕೊಡುದಿಲ್ಲ, ಬೇರೆ ಎಂತ ಕಾರಣವೂ ಇಲ್ಲ ಅಂತ. ಹೇಳಿದ್ರೆ ನಾವು ಈಗಲೇ ಹೋಗ್ತೇವೆ."

ನಮ್ಮ ಊರಿನಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ. ಸ್ವಂತ ಮನೆಯ ದೈವದ ಎದುರು ಸುಳ್ಳು ಹೇಳುವವರು ಕಡಿಮೆ. ಯಜಮಾನರು ಒಂದು ಸಲ ಒಳಬಾಗಿಲ ಕಡೆ ನೋಡಿದರು. ಒಳಗಿನಿಂದ ಹೆಂಡತಿಯ ಸ್ವರ ಬಂತು: "ಕೊಟ್ಟುಬಿಡಿ. ದೈವದ ವಿಷಯ ಎಲ್ಲ ಬೇಡ." ಎರಡು ನಿಮಿಷದಲ್ಲಿ ಬೀಗದ ಕೈ ಟೀಪಾಯಿಯ ಮೇಲೆ ಬಂತು. ನಾನು ಗೆದ್ದಿದ್ದೆ. ಅಷ್ಟು ಸಂತೋಷ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ.

ಲಲಿತಕ್ಕ ಬೀಗದ ಕೈ ಮುಟ್ಟಲಿಲ್ಲ. ಎದ್ದು, ಯಜಮಾನರಿಗೆ ಕೈ ಮುಗಿದು, "ಬೇಡ ಅಣ್ಣ, ನಮಗೆ ದೂರ ಆಗ್ತದೆ" ಎಂದು ಹೇಳಿ ಅಂಗಳಕ್ಕೆ ಇಳಿದರು. ಪೇಪರ್ ಕಪ್ಪಿನ ಚಾ ಹಾಗೆಯೇ ಉಳಿಯಿತು.

ರಸ್ತೆಗೆ ಬಂದ ಮೇಲೆ ನಾನು ಅವರ ಮೇಲೆಯೇ ಹರಿಹಾಯ್ದೆ. ಸಿಕ್ಕಿದ ಮನೆಯನ್ನು ಬಿಟ್ಟು ಬರುವುದೆಂದರೇನು? ಸೋಮವಾರ ಎಲ್ಲಿ ಹೋಗುತ್ತೀರಿ? ಮಗಳ ಮುಖವನ್ನಾದರೂ ನೆನಪು ಮಾಡಬಾರದೇ?

"ಮೇಡಂ, ನೀವು ಅವರನ್ನು ಹೆದರಿಸಿ ತೆಗೆದ್ರಿ" ಎಂದರು ಲಲಿತಕ್ಕ. "ಅವರು ಹೆದರಿ ಕೊಟ್ರು. ನಾಳೆ ಅವರ ಹಟ್ಟಿಯಲ್ಲಿ ಒಂದು ದನ ಬಿದ್ರೆ, ಆ ಕೊಳದಲ್ಲಿ ಯಾರಾದ್ರೂ ಜಾರಿ ಕಾಲು ಮುರಿದ್ರೆ, ಜೋಯಿಸರ ಹತ್ರ ಹೋಗಿ ಪ್ರಶ್ನೆ ಇಡ್ತಾರೆ. ಯಾರ ಹೆಸರು ಬರ್ತದೆ? ಬಿಯರು ಕುಡಿದವರದ್ದಾ? ಲಲಿತೆ ಬಂದ ಮೇಲೆ ಹೀಗಾಯ್ತು ಅಂತ ಊರಿಡೀ ಆಗ್ತದೆ. ಮನೆ ಬಿಡಿಸಿ ಓಡಿಸಿದ್ರೆ ಹೋಗ್ಲಿ, ಹುಡುಗಿಗೆ ಎಂತಾದ್ರೂ ಮಾಡಿದ್ರೆ?"

ದೈವದ ಹೆಸರು ಎತ್ತುವ ಧೈರ್ಯ ನನಗಿತ್ತು, ಯಾಕೆಂದರೆ ಅದರ ಪರಿಣಾಮ ನನ್ನ ಮನೆಗೆ ಬರುವಂಥದ್ದಲ್ಲ. ಸುಳ್ಯಕ್ಕೆ ವಾಪಸು ಬರುವಾಗ ಇಡೀ ದಾರಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಆ ಯಜಮಾನರ ಮೇಲೆ, ಆ ಈಜುಕೊಳದ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು.

ಸುಳ್ಯ ನಿಲ್ದಾಣದಲ್ಲಿ ಲಲಿತಕ್ಕ ಒಂದು ವಿಷಯ ಹೇಳಿದರು. ಗಂಡ ತೀರಿದ ಮರುವರ್ಷ ಅವರಿಗೆ ಕಡಬದಿಂದ ಸ್ವಲ್ಪ ದೂರದ ಒಂದು ಗುಡ್ಡೆಯಲ್ಲಿ ಮೂರು ಸೆಂಟ್ಸ್ ನಿವೇಶನ ಮಂಜೂರಾಗಿತ್ತು. ಹಕ್ಕುಪತ್ರವೂ ಇದೆ. ಗಡಿಕಲ್ಲು ಹಾಕುವ ದಿನ ಒಮ್ಮೆ ಹೋಗಿ ನೋಡಿದ್ದಷ್ಟೇ. ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ. ಹಾಗಾಗಿ ಬಿಟ್ಟಿದ್ದರು. "ನಾಲ್ಕು ಶೀಟು ಹಾಕಿ ಪರೀಕ್ಷೆ ಮುಗಿಯುವವರೆಗೆ ಇರ್ಲಿಕ್ಕೆ ಆಗ್ತದಾ ನೋಡುವ" ಎಂದರು. "ಅಲ್ಲಿ ನನ್ನ ಬರಿ ಕೇಳುವವರು ಇಲ್ಲ."

ಗುತ್ತಿಗಾರು ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಮುಟ್ಟುವಾಗ ಹನ್ನೆರಡು ದಾಟಿತ್ತು. ಕಡಬದ ಬಸ್ಸಿಗೆ ಅರ್ಧ ಗಂಟೆ ಕಾಯಬೇಕಿತ್ತು. ಭಾನುವಾರದ ಜಂಗುಳಿ. ಲಲಿತಕ್ಕ ತಮ್ಮ ನಾದಿನಿ ಹಿಂದೆ ಬಾಡಿಗೆಗಿದ್ದ ಸಾಲುಮನೆಯನ್ನು ನನಗೆ ತೋರಿಸಿದರು. ಈಗ ಅದಕ್ಕೆ ನೀಲಿ ಬಣ್ಣ, ಬಾಗಿಲಿಗೊಂದು ನಂಬರು. ಕೆಳಗೆ ನಿಂತವನೊಬ್ಬ "ರೂಮ್ ಬೇಕಾ ಅಕ್ಕ?" ಎಂದು ಬಂದ.

"ತಿಂಗಳಿಗಾ?" ಎಂದೆ.

"ತಿಂಗಳಿಗೆ ಯಾರು ಕೊಡ್ತಾರೆ ಮಾರಾಯ್ರೆ!" ಎಂದು ಅವನು ಮನಸಾರೆ ನಕ್ಕ. ನಾದಿನಿಯ ಕುಟುಂಬ ಈಗ ಎಲ್ಲಿದೆ ಎಂದು ಲಲಿತಕ್ಕನನ್ನು ಕೇಳಿದೆ. ಗಂಡ ಕೆಲಸ ಮಾಡುವ ಹೋಟೆಲಿನ ಸ್ಟೋರ್ ರೂಮಿನಲ್ಲಿ, ಹೆಂಡತಿ ಮಕ್ಕಳು ತವರಿನಲ್ಲಿ. ಇವರೂ ಯಾವ ಪಾಠದಲ್ಲೂ ಇಲ್ಲ.

ಕಡಬ ತಾಲೂಕಾದ ಮೇಲೆ ಪೇಟೆ ರಸ್ತೆಯುದ್ದಕ್ಕೂ ಬೆಳೆದಿದೆ. ಊಟ ಮಾಡಿ ಆಟೋ ಹಿಡಿದೆವು. ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿ ಬಂತು. ರಸ್ತೆ ಇಲ್ಲ ಎಂದಿದ್ದರಲ್ಲ, ಇಲ್ಲಿ ಲಾರಿ ಹೋಗುವಷ್ಟು ಅಗಲದ ರಸ್ತೆ. ಲಲಿತಕ್ಕನ ಮುಖದಲ್ಲಿ ಆ ಎರಡು ದಿನಗಳಲ್ಲಿ ಮೊದಲ ಸಲ ಒಂದು ಬೆಳಕು ಕಂಡಿತು. "ರಸ್ತೆ ಆಗಿದೆ ಮೇಡಂ. ರಸ್ತೆ ಆದ್ರೆ ಕರೆಂಟೂ ಬರ್ತದೆ" ಎಂದರು.

ಗುಡ್ಡೆಯ ಮೇಲೆ ಆಟೋ ನಿಂತಿತು. ಮುಂದೆ ಗುಡ್ಡೆ ಇರಲಿಲ್ಲ. ಎರಡು ತೆಂಗಿನ ಮರದಷ್ಟು ಆಳದ, ಚೌಕಾಕಾರದ ಕೆಂಪು ಹೊಂಡ. ಕಲ್ಲು ಕೊಯ್ಯುವ ಯಂತ್ರ ಅದರ ತಳದಲ್ಲಿ ನಿಂತಿತ್ತು. ಗೋಡೆಗಳಲ್ಲಿ ಗರಗಸದ ಗೆರೆ. ಒಂದು ಬದಿಯಲ್ಲಿ ಕೆಂಪುಕಲ್ಲಿನ ರಾಶಿ, ಅದನ್ನು ಲಾರಿಗೆ ಹೇರುವ ನಾಲ್ಕು ಜನ. ಆ ದಾರಿ ಮಾಡಿದ್ದು ನಿವೇಶನದವರಿಗಲ್ಲ, ಕಲ್ಲಿನ ಲಾರಿಗೆ.

ಲಲಿತಕ್ಕ ಬಹಳ ಹೊತ್ತು ಸುತ್ತ ನೋಡಿದರು. ಹೊಂಡದ ಅಂಚಿನಲ್ಲಿ ಒಂದು ಕಾಟು ಮಾವಿನ ಮರ ಉಳಿದಿತ್ತು, ಅರ್ಧ ಬೇರು ಹೊರಗೆ. ಅದರ ಬುಡದಲ್ಲಿ ನಿಂತು ಕೈ ಚಾಚಿ ತೋರಿಸಿದರು. "ಈ ಮರದಿಂದ ಆಚೆ, ಬಲಬದಿಗೆ. ಅಲ್ಲಿ ನನ್ನ ಗಡಿಕಲ್ಲು ಇತ್ತು." ಅವರ ಬೆರಳು ತೋರಿಸಿದ ಕಡೆ ಬರೀ ಗಾಳಿ ಇತ್ತು. ಅಷ್ಟು ಎತ್ತರದಲ್ಲಿ ಒಂದು ಗಿಡುಗ ಸುತ್ತುತ್ತಿತ್ತು.

ಕಲ್ಲುಕೋರೆಯ ಮೇಸ್ತ್ರಿ ಶೆಡ್ಡಿನಿಂದ ಎದ್ದು ಬಂದ. "ಸೈಟಾ? ಎಂತ ಸೈಟು? ನಾವು ಬರುವಾಗ ಇಲ್ಲಿ ಗುಡ್ಡೆ ಮಾತ್ರ ಇತ್ತು."

"ಗಡಿಕಲ್ಲು?"

"ಕಲ್ಲು ತೆಗೆಯುವ ಜಾಗದಲ್ಲಿ ಕಲ್ಲು ಇತ್ತಾ ಅಂತ ಕೇಳಿದ್ರೆ ಎಂತ ಹೇಳುದು ಮೇಡಂ?"

ನಾನು ಫೋನು ತೆಗೆದು ವಿಡಿಯೋ ಮಾಡಲು ಸುರುಮಾಡಿದೆ. ಹೊಂಡ, ಯಂತ್ರ, ಲಾರಿಯ ನಂಬರು, ಅವನ ಮುಖ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಈ ಕಲ್ಲುಗಳು ಎಲ್ಲಿಗೆ ಹೋದವು? ಯಾರ ಕಂಪೌಂಡಿಗೆ, ಯಾರ ಹೋಂಸ್ಟೇಗೆ? ಮನೆಯಿಲ್ಲದವಳಿಗೆ ಕೊಟ್ಟ ಮೂರು ಸೆಂಟ್ಸನ್ನು ಕೊಯ್ದು ಮನೆಯಿದ್ದವರಿಗೆ ಇನ್ನೊಂದು ಮನೆ ಕಟ್ಟಿಕೊಟ್ಟಿರಲ್ಲ! ನನ್ನ ಸ್ವರ ಹೊಂಡದೊಳಗೆ ಹೋಗಿ ತಿರುಗಿ ಬರುತ್ತಿತ್ತು. ಲಲಿತಕ್ಕ ಹೋಗಿ ಲಾರಿಯ ಎದುರಿಗೆ, ದಾರಿಯ ನಡುವೆ ಕುಳಿತರು. ಚೀಲ ತೊಡೆಯ ಮೇಲೆ.

ಮೇಸ್ತ್ರಿ ದೂರ ಹೋಗಿ ಫೋನಿನಲ್ಲಿ ಯಾರೊಡನೆಯೋ ಮಾತಾಡಿದ. ತಿರುಗಿ ಬಂದವನು ಸ್ವರ ಮೆತ್ತಗೆ ಮಾಡಿ, ಲಲಿತಕ್ಕನ ಹತ್ತಿರ ಬಗ್ಗಿದ. "ಅಕ್ಕ, ವಿಡಿಯೋ ಎಲ್ಲ ಬೇಡ. ಕೋರೆಯ ಧಣಿಗಳು ಹೇಳಿದ್ರು, ನಿಮಗೆ ಒಂದು ಲೋಡು ಕಲ್ಲು ಕೊಡುವ. ಫ್ರೀ. ಇದೇ ಲಾರಿ. ಮನೆ ಕಟ್ಲಿಕ್ಕೆ ಆಯ್ತಲ್ಲ?"

ನನಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಜಾಗ ಕದ್ದು ಕಲ್ಲು ಕೊಡುತ್ತಾನಂತೆ, ಮನೆ ಕಟ್ಟಲು! ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಲಲಿತಕ್ಕ ಎದ್ದು ಸೀರೆಯ ಮಣ್ಣು ಕೊಡವಿದರು. "ಆಯ್ತು. ಕೊಡಿ" ಎಂದರು.

ಲಾರಿಯ ಡ್ರೈವರು ಅಶ್ರಫ್, ಉಪ್ಪಿನಂಗಡಿಯ ಕಡೆಯವರು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು. "ಅಕ್ಕ, ಎಲ್ಲಿ ಇಳಿಸ್ಬೇಕು?"

"ಪುತ್ತೂರಿಗೆ" ಎಂದರು ಲಲಿತಕ್ಕ. ಓಣಿಯ ಗುರುತು ಹೇಳಿದರು. "ಓಣಿಯ ಬಾಯಿಯಲ್ಲಿ ಹೊಸ ಗೇಟು ಹಾಕಿದ್ದಾರೆ. ಅದರ ಎದುರು, ಅಡ್ಡಕ್ಕೆ."

ಅಶ್ರಫ್ ಅವರನ್ನು ನೋಡಿದರು, ನನ್ನನ್ನು ನೋಡಿದರು, ಹೊಂಡವನ್ನು ನೋಡಿದರು. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದರು. "ನಾನೂ ಬಾಡಿಗೆ ಮನೆಯವನೇ. ಗೇಟಿಗೆ ಎಷ್ಟು ಹತ್ರ ಇಳಿಸ್ಬೇಕು ಅಂತ ಹೇಳಿ, ಸಾಕು."

ಹೀಗೆ ನಮ್ಮ ವಾಪಸು ಪ್ರಯಾಣ ಕಲ್ಲಿನ ಲಾರಿಯಲ್ಲಿ ಆಯಿತು. ಹೇರಿದವರಲ್ಲಿ ಇಬ್ಬರು ಕಲ್ಲಿನ ಮೇಲೆ ಕೂತರು, ನಾವು ಮುಂದೆ. ಆಲಂಕಾರು, ಶಾಂತಿಮೊಗರು ಸೇತುವೆ, ಸವಣೂರು, ನರಿಮೊಗರು. ಹೊಳೆಯಲ್ಲಿ ನೀರು ಬತ್ತಿ ಬಂಡೆಗಳು ಎದ್ದಿದ್ದವು. ದಾರಿಯುದ್ದಕ್ಕೂ ಹೊಸ ಮನೆಗಳು, ದೊಡ್ಡ ದೊಡ್ಡ ಗೇಟುಗಳು, ಬೀಗ ಹಾಕಿದ ಕಿಟಕಿಗಳು. ಅಶ್ರಫ್ ಒಂದೆರಡನ್ನು ತೋರಿಸಿ, ಇವಕ್ಕೆ ಕಲ್ಲು ಇಳಿಸಿದ್ದು ತಾನೇ ಎಂದರು. ಒಂದರೊಳಗೂ ದೀಪ ಇರಲಿಲ್ಲ. ಎರಡು ದಿನ ನಾವು ಹುಡುಕಿದ ಎರಡು ಕೋಣೆಗಳು ಆ ಕತ್ತಲೆ ಮಹಲುಗಳೊಳಗೆ ಎಷ್ಟು ಇದ್ದವೋ. ನಾನು ಲೆಕ್ಕ ಹಾಕುವುದನ್ನು ಬಿಟ್ಟೆ.

ಕತ್ತಲಾಗುವ ಹೊತ್ತಿಗೆ ಓಣಿಯ ಬಾಯಿಗೆ ಮುಟ್ಟಿದೆವು. ದೀಕ್ಷಾ ಪುಸ್ತಕ ಹಿಡಿದುಕೊಂಡೇ ಓಡಿ ಬಂದಳು. "ಮನೆ ಸಿಕ್ಕಿತಾ ಅಮ್ಮ?" ಎಂದಳು. ಲಲಿತಕ್ಕ "ಕಲ್ಲು ಸಿಕ್ಕಿತು" ಎಂದು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಲಲಿತಕ್ಕ, ದೀಕ್ಷಾ, ನಾನು, ಅಶ್ರಫ್, ಕಲ್ಲಿನ ಮೇಲೆ ಕೂತು ಬಂದ ಆ ಇಬ್ಬರು, ಎಲ್ಲರೂ ಸೇರಿ ಇಳಿಸಿದೆವು. ಕೆಂಪುಕಲ್ಲು ಅಂಗೈಯ ಚರ್ಮ ತೆಗೆಯುತ್ತದೆ. ಓಣಿಗೆ ಅಡ್ಡವಾಗಿ ಎದೆಯೆತ್ತರದ ರಾಶಿಯಾಯಿತು, ಒಬ್ಬ ಮನುಷ್ಯ ಓರೆಯಾಗಿ ನುಸುಳಿ ಹೋಗುವಷ್ಟು ಸಂದಿ ಬಿಟ್ಟು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಜೆಸಿಬಿ ಬಂತು. ಹಿಂದೆ ಕಾರಿನಲ್ಲಿ ಕಾಂಟ್ರ್ಯಾಕ್ಟರು. ಲಲಿತಕ್ಕ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಯಾರದ್ದೋ ಮದುವೆಯ ರವಿಕೆ ಹೊಲಿಯುತ್ತಿದ್ದರು. ನಾನು ಆ ಹೊತ್ತಿಗೆ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಸಾಲು ಕಳಿಸಿದ್ದೆ: ಮೊದಲ ಪಿರಿಯಡ್ ದೀಕ್ಷಾಳ ಮನೆಯಲ್ಲಿ. ಮಕ್ಕಳು ಯೂನಿಫಾರ್ಮಿನಲ್ಲಿ, ಬ್ಯಾಗು ಬೆನ್ನಿಗೆ ಹಾಕಿಕೊಂಡು, ಸಂದಿಯಲ್ಲಿ ನುಸುಳಿ ಬಂದು ಕಲ್ಲುಗಳ ಮೇಲೆ ಕುಳಿತರು. ಪ್ರಾಂಶುಪಾಲರು ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತಾರೋ ತೆಗೆದುಕೊಳ್ಳಲಿ.

"ಇದು ಯಾರ ಕಲ್ಲು?" ಎಂದು ಕಾಂಟ್ರ್ಯಾಕ್ಟರು ಕೂಗಿದರು.

"ನನ್ನದು" ಎಂದರು ಲಲಿತಕ್ಕ, ಪೆಡಲ್ ತುಳಿಯುತ್ತಲೇ.

"ತೆಗೀರಿ ಇಲ್ಲಿಂದ."

"ತೆಗೆಯುವ. ಎಲ್ಲಿ ಇಡುದು ಹೇಳಿ."

ಅವರು ಒಂದು ಸಲ ಮಕ್ಕಳನ್ನು ನೋಡಿದರು. ಪೊಲೀಸರನ್ನು ಕರೆಯುತ್ತೇನೆ ಎಂದರು. ಕರೆಯಿರಿ ಎಂದು ನಾನು ಹೇಳಿದೆ, ಅವರಿಗೂ ಈ ಪಾಠ ಆಗಬೇಕು. ಸ್ವಲ್ಪ ಹೊತ್ತಿನ ಮೇಲೆ ಸ್ವರ ತಗ್ಗಿಸಿ, "ಒಂದು ವಾರ ಟೈಮ್ ಕೊಡುವ ಅಕ್ಕ, ಆಯ್ತಲ್ಲ?" ಎಂದರು.

"ಪರೀಕ್ಷೆ ಮುಗಿಯುವವರೆಗೆ."

"ಸರಿ ಮಾರಾಯ್ತಿ, ಪರೀಕ್ಷೆ ಮುಗಿಯುವವರೆಗೆ. ಮತ್ತೆ ಎಲ್ಲಿಗೆ ಹೋಗ್ತೀರಿ?"

ಲಲಿತಕ್ಕ ಮಿಷನ್ ನಿಲ್ಲಿಸಿ ನೂಲನ್ನು ಹಲ್ಲಿನಿಂದ ಕಡಿದರು. "ಅದನ್ನೇ ನಾವು ನಿಮ್ಮ ಹತ್ರ ಕೇಳುದು" ಎಂದರು.

ಜೆಸಿಬಿಯವನು ಇಂಜಿನ್ ಆಫ್ ಮಾಡಿದ. ಕಾಂಟ್ರ್ಯಾಕ್ಟರು ಫೋನನ್ನು ಕಿಸೆಗೆ ಹಾಕಿದರು. ಕಲ್ಲಿನ ಮೇಲೆ ಕುಳಿತ ನಲವತ್ತು ಮಕ್ಕಳು ಪೆನ್ನು ಹಿಡಿದುಕೊಂಡು ಅವರ ಉತ್ತರಕ್ಕೆ ಕಾಯುತ್ತಿದ್ದರು.